ಅಂಗಡಿಯೋ ಆನ್‌ಲೈನೋ ಅನ್ನುವ ಮೊದಲು ಟೈರಿನ ಪಕ್ಕ ಬರೆದದ್ದನ್ನು ಓದಿ

"26ರ ಟೈರ್ ಕೊಡಿ" ಅಂದರೆ ಸೈಕಲ್ ಅಂಗಡಿಯವರು ಮೇಲಿಂದ ಒಂದನ್ನು ಎಳೆದು ಕೊಡುತ್ತಾರೆ. ಹಾಕಲು ಕೂತರೆ ಅರ್ಧ ಸುತ್ತು ಸಲೀಸಾಗಿ ಕೂರುತ್ತದೆ, ಉಳಿದರ್ಧ ಎಷ್ಟು ತಿಣುಕಿದರೂ ರಿಮ್ ಹತ್ತುವುದಿಲ್ಲ. ವಾಪಸ್ ಒಯ್ದರೆ "ಒಮ್ಮೆ ಹಾಕಿ ನೋಡಿದ ಮಾಲು ತಗೊಳ್ಳಲ್ಲ" ಅನ್ನುತ್ತಾರೆ. ಅದೇ ಸಿಟ್ಟಿನಲ್ಲಿ ಆನ್‌ಲೈನ್‌ನಲ್ಲಿ ತರಿಸಿದರೆ ಅಲ್ಲೂ ಬರೀ "26 ಇಂಚು" ಅಂತಲೇ ಇರುತ್ತದೆ, ಅಲ್ಲೂ ಅದೇ ಪಾಡು. ಎರಡೂ ಕಡೆ ಎಡವಟ್ಟಾಗುವುದು ಒಂದೇ ಜಾಗದಲ್ಲಿ: ಯಾರೂ ಅಳತೆ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

26 ಇಂಚು ಅನ್ನುವುದು ಅಳತೆಯಲ್ಲ, ಬರೀ ಹೆಸರು. 26×1.95 ಅಂತ ಚುಕ್ಕೆ ಹಾಕಿ ಬರೆದಿದ್ದರೆ ಅದು 559 ಮಿ.ಮೀ. ರಿಮ್ಮಿನ ಟೈರು. 26×1 3/8 ಅಂತ ಭಿನ್ನರಾಶಿಯಲ್ಲಿದ್ದರೆ ಸಾಮಾನ್ಯವಾಗಿ 590ರದು. 28×1 1/2 ಅಂದರೆ 635. 700ಸಿ ಮತ್ತು 29 ಇಂಚು ಹೆಸರಿಗೆ ಬೇರೆ ಬೇರೆ, ರಿಮ್ಮಿನ ಅಳತೆ ಮಾತ್ರ ಎರಡಕ್ಕೂ 622. ಹಳೇ ಟೈರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 37-622, 47-559 ಅಂತ ಏನಾದರೂ ಇರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ. ಅಗಲದಲ್ಲಿ ಸ್ವಲ್ಪ ಹೆಚ್ಚುಕಡಿಮೆ ನಡೆಯುತ್ತದೆ, ವ್ಯಾಸದಲ್ಲಿ ಒಂದು ಮಿಲಿಮೀಟರೂ ನಡೆಯುವುದಿಲ್ಲ.

ಟ್ಯೂಬಿಗೆ ವಾಲ್ವ್ ನೋಡಬೇಕು. ಸಪೂರದ ಪ್ರೆಸ್ಟಾ ವಾಲ್ವಿಗೆ ರಿಮ್ಮಿನಲ್ಲಿ ಸುಮಾರು 6 ಮಿ.ಮೀ. ತೂತು, ಕಾರಿನಂಥ ದಪ್ಪ ಶ್ರೇಡರ್‌ಗೆ 8 ಮಿ.ಮೀ. ದಪ್ಪದ್ದು ಸಣ್ಣ ತೂತಿಗೆ ಹೋಗುವುದೇ ಇಲ್ಲ. ಸಪೂರದ್ದು ದೊಡ್ಡ ತೂತಿನಲ್ಲಿ ಅಲ್ಲಾಡಿ ಅಲ್ಲಾಡಿ ಬುಡದಲ್ಲೇ ಹರಿಯಬಹುದು.

ಚೈನಿನ ವಿಷಯದಲ್ಲಿ ಹಣ ಹೆಚ್ಚು ಪೋಲಾಗುತ್ತದೆ. ಅಂಗಡಿಯಲ್ಲಿ "ಫುಲ್ ಸೆಟ್ಟೇ ಹಾಕಿಸಿಬಿಡಿ" ಅನ್ನುತ್ತಾರೆ, ಅಂದರೆ ಚೈನಿನ ಜೊತೆ ಹಲ್ಲುಚಕ್ರಗಳೂ. ಆನ್‌ಲೈನ್‌ನಲ್ಲಿ ಚೈನೊಂದನ್ನೇ ತರಿಸಿ ಹಾಕಿಕೊಂಡರೆ ಕೆಲವೊಮ್ಮೆ ಏರಿನಲ್ಲಿ ಒತ್ತಿ ತುಳಿದಾಗ ಕಟಕ್ ಕಟಕ್ ಅಂತ ಹಾರುತ್ತದೆ. ಯಾವುದು ಬೇಕು ಅಂತ ಒಂದು ಸ್ಟೀಲ್ ಸ್ಕೇಲು ಹೇಳಿಬಿಡುತ್ತದೆ. ಒಂದು ಪಿನ್ನಿನ ನಡುವಿಗೆ ಸ್ಕೇಲಿನ ಸೊನ್ನೆ ಹಿಡಿದು, ಅಲ್ಲಿಂದ ಮುಂದೆ 24 ಪಿನ್ ಎಣಿಸಿ. ಹೊಸ ಚೈನಾದರೆ 24ನೆಯದು ಸರಿಯಾಗಿ 12 ಇಂಚಿಗೆ ಬರುತ್ತದೆ. 1/16 ಇಂಚು ಮುಂದೆ ಹೋಗಿದ್ದರೆ ಚೈನು ಮಾತ್ರ ಬದಲಿಸಿದರೆ ಸಾಕು. 1/8 ದಾಟಿದ್ದರೆ ಹಿಂದಿನ ಹಲ್ಲುಗಳನ್ನೂ ಅದು ತಿಂದಿರುತ್ತದೆ, ಆಗ ಅಂಗಡಿಯವರು ಸೆಟ್ ಅಂದದ್ದು ಸರಿಯೇ.

ತರಿಸುವಾಗ ಹಿಂದಿನ ಹಲ್ಲುಚಕ್ರಗಳನ್ನು ಎಣಿಸಿ. 8 ಇರುವುದಕ್ಕೆ ಚೈನಿನ ಹೊರ ಅಗಲ ಸುಮಾರು 7.1 ಮಿ.ಮೀ., 9ಕ್ಕೆ 6.6, 10ಕ್ಕೆ 5.9. "ಎಲ್ಲಾ ಸೈಕಲ್ಲಿಗೂ ಹೊಂದುತ್ತದೆ" ಅಂತ ಬರೆದ ಚೈನನ್ನು ಮುಟ್ಟಬೇಡಿ. ಕತ್ತರಿಸುವಾಗ ಹಳೆಯದರ ಪಕ್ಕ ಹೊಸದನ್ನು ಮಲಗಿಸಿ ಉದ್ದ ನೋಡುವ ಅಭ್ಯಾಸವೂ ಬೇಡ: ಶೇ. 0.5 ಸವೆದ 114 ಕೊಂಡಿಯ ಚೈನು 7 ಮಿ.ಮೀ. ಉದ್ದವಾಗಿರುತ್ತದೆ, ಅರ್ಧ ಕೊಂಡಿಗಿಂತ ಹೆಚ್ಚು. ಕೊಂಡಿಗಳನ್ನೇ ಎಣಿಸಿ. ಹಲ್ಲುಚಕ್ರವನ್ನೂ ತರಿಸುವುದಿದ್ದರೆ ಅದು ಚಕ್ರದ ಹಬ್ಬಿಗೆ ತಿರುಗಿಸಿ ಕೂರಿಸುವ ಫ್ರೀವೀಲೋ, ಜಾರಿಸಿ ಕೂರಿಸುವ ಕ್ಯಾಸೆಟ್ಟೋ ತಿಳಿಯಬೇಕು. ಚಕ್ರ ಬಿಚ್ಚಿ, ಹಲ್ಲುಗಳನ್ನು ಹಿಂದಕ್ಕೆ ತಿರುಗಿಸಿ. ನಡುವೆ ಟೂಲ್ ಕೂರುವ ಕಚ್ಚೂ ಜೊತೆಗೇ ತಿರುಗಿದರೆ ಕ್ಯಾಸೆಟ್, ಅದು ನಿಂತೇ ಇದ್ದರೆ ಫ್ರೀವೀಲ್.

ಡಿಸ್ಕ್ ಬ್ರೇಕಿನ ಎಣ್ಣೆಯ ಬಗ್ಗೆ ಒಂದೇ ಮಾತು. ಮಿನರಲ್ ಆಯಿಲ್ ಬೇಕಾದ ಬ್ರೇಕಿಗೆ ಕಾರು-ಬೈಕಿನ ಬ್ರೇಕಿಗೆ ಹಾಕುವಂಥ ಡಾಟ್ ಎಣ್ಣೆ ಹಾಕಿದರೆ ಒಳಗಿನ ರಬ್ಬರ್ ಸೀಲು ಹಾಳು. ಯಾವುದು ಬೇಕೆಂದು ಲಿವರಿನ ಮುಚ್ಚಳದ ಮೇಲೆ ಸಾಮಾನ್ಯವಾಗಿ ಬರೆದಿರುತ್ತಾರೆ, ಅಂಗಡಿಯಲ್ಲಿ ಬಾಟಲಿ ತೆರೆಯುವ ಮುಂಚೆಯೇ ಅದನ್ನು ತೋರಿಸಿ.

ಇಡೀ ಸೈಕಲ್ಲೇ ಡಬ್ಬದಲ್ಲಿ ಬಂದರೆ ಮೊದಲು ಕೆಡುವುದು ಪೆಡಲು. ಎಡ ಪೆಡಲಿನ ಥ್ರೆಡ್ ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಗ್ರೀಸ್ ಹಚ್ಚಿ, ಮೊದಲ ನಾಲ್ಕು ಸುತ್ತು ಬೆರಳಲ್ಲೇ ಹೋಗಬೇಕು. ಹೋಗದಿದ್ದರೆ ಹೊರಗೆ ತೆಗೆದು ಮತ್ತೆ ಶುರುಮಾಡಿ. ಸ್ಪ್ಯಾನರ್ ಹಾಕಿ ಜಗ್ಗಿದರೆ ಪೆಡಲು ಕೂರುವ ಅಲ್ಯೂಮಿನಿಯಂ ತೋಳಿನ, ಅಂದರೆ ಕ್ರ್ಯಾಂಕಿನ, ಥ್ರೆಡ್ ಹೋಯಿತೆಂದೇ ಲೆಕ್ಕ. ಮುಂದಿನ ಚಕ್ರ ಹಿಡಿಯುವ ಫೋರ್ಕನ್ನು ಹಿಂದುಮುಂದಾಗಿ ಕೂರಿಸುವವರೂ ಕಡಿಮೆಯಿಲ್ಲ, ಅದರ ಬಾಗು ಮುಂದಕ್ಕಿರಬೇಕು. ಹ್ಯಾಂಡಲ್ ಕೂರಿಸುವಾಗ ಸ್ಟೆಮ್ಮಿನ (ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ತುಂಡು) ಪಕ್ಕದ ಬೋಲ್ಟುಗಳನ್ನು ಸಡಿಲವಾಗಿಟ್ಟು, ಮೇಲಿನ ಮುಚ್ಚಳದ ಬೋಲ್ಟನ್ನು ಅಲ್ಲಾಟ ಹೋಗುವಷ್ಟೇ ತಿರುಗಿಸಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ನೂಕಿದಾಗ ಟಕ್ ಅನ್ನಬಾರದು, ಹ್ಯಾಂಡಲ್ ಬಿಗಿಯಾಗಿಯೂ ತಿರುಗಬಾರದು. ಆಮೇಲೆ ಪಕ್ಕದ ಬೋಲ್ಟುಗಳನ್ನು ಬಿಗಿಯಿರಿ, ಎಷ್ಟು ಬಿಗಿ ಅಂತ ಸ್ಟೆಮ್ಮಿನ ಮೇಲೇ ಬರೆದಿರುತ್ತದೆ, ಹೆಚ್ಚಾಗಿ 5 ನ್ಯೂಟನ್ ಮೀಟರ್ ಆಸುಪಾಸು.

ಅಂಗಡಿಯವರ ಮೇಲೆ ದೂರು ಇದ್ದೇ ಇದೆ. ಚೈನಿಗೆ ಗ್ರೀಸ್ ಮೆತ್ತುತ್ತಾರೆ, ಅದಕ್ಕೆ ಧೂಳು ಅಂಟಿ ಅರೆಯುವ ಪೇಸ್ಟಿನಂತಾಗಿ ಚೈನನ್ನೇ ತಿನ್ನುತ್ತದೆ. ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ವ್ರೆಂಚ್ ಇಲ್ಲದೆ ಕೈ ಅಂದಾಜಿನಲ್ಲಿ ಬಿಗಿದು ಬೋಲ್ಟು ಮುರಿಯುತ್ತಾರೆ. ಆನ್‌ಲೈನ್‌ನಲ್ಲಿ ಕೊಂಡ ಸೈಕಲ್ ಅಂತ ಗೊತ್ತಾದರೆ ಮುಖ ತಿರುಗಿಸುವವರೂ ಇದ್ದಾರೆ, ಇದು ನಿಜಕ್ಕೂ ಬೇಸರದ ಸಂಗತಿ. ಆದರೂ ಬಾಟಮ್ ಬ್ರಾಕೆಟ್ (ಕ್ರ್ಯಾಂಕು ತಿರುಗುವ ಬೇರಿಂಗು) ಬಿಚ್ಚುವುದು, ಸೊಟ್ಟಗಾದ ಗೇರ್ ಹ್ಯಾಂಗರ್ (ಹಿಂದಿನ ಗೇರ್ ತೂಗುವ ಕೊಕ್ಕೆ) ನೇರ ಮಾಡುವುದು, ವ್ಹೀಲ್ ಬೆಂಡ್ ತೆಗೆಯುವುದು ಡಬ್ಬದಲ್ಲಿ ಬರುವ ಸಾಮಾನಲ್ಲ, ಕೈಕೆಲಸ. ಅದಕ್ಕೆ ಕೇಳಿದ ಕೂಲಿ ಕೊಡಿ, ಬಿಡಿಭಾಗ ನಿಮ್ಮದಾದರೆ ಕೂಲಿ ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ.

ಹೊಸ ಸೈಕಲ್ಲಿನ ಕಡ್ಡಿಗಳು ಮೊದಲ ನೂರಿನ್ನೂರು ಕಿಲೋಮೀಟರಿನಲ್ಲೇ ಸಡಿಲಾಗುವುದುಂಟು, ಬೆಂಡ್ ತೆಗೆಸಲು ಆಗಲೇ ಕೊಡಿ. ಚಕ್ರ ವಾಪಸ್ ಬಂದಾಗ ಅಕ್ಕಪಕ್ಕದ ಕಡ್ಡಿಗಳನ್ನು ಎರಡೆರಡಾಗಿ ಹಿಂಡುತ್ತ ಒಂದು ಸುತ್ತು ಬನ್ನಿ. ಒಂದೇ ಬದಿಯ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಬಿಗಿ ಇರಬೇಕು. ಗೇರಿನ ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಬಲಬದಿ ಎಡಕ್ಕಿಂತ ಬಿಗಿಯಾಗಿದ್ದರೆ ಅದು ಇರಬೇಕಾದದ್ದೇ. ಒಂದೇ ಬದಿಯಲ್ಲಿ ಒಂದು ಕಡ್ಡಿ ಜೋತು, ಪಕ್ಕದ್ದು ತಂತಿಯ ಹಾಗೆ ಮಿಡಿದರೆ ಮಾತ್ರ ಅಲ್ಲಿಯೇ ನಿಂತು ಮತ್ತೆ ಮಾಡಿಸಿ.