ನಾದಾ, ಫುಶಿಮಿ: ಸಾಕೆಯ ಊರುಗಳಲ್ಲಿ ಎರಡು ದಿನ

ಜಪಾನಿಗೆ ಹೊರಡುವವರು ಸಾಮಾನ್ಯವಾಗಿ ಚೆರ್ರಿ ಹೂವಿನ ಕಾಲವನ್ನು ಆರಿಸಿಕೊಳ್ಳುತ್ತಾರೆ. ಸಾಕೆಯ ಊರುಗಳನ್ನು ನೋಡುವ ಆಸೆಯಿದ್ದರೆ ಫೆಬ್ರವರಿಯಲ್ಲೇ ಹೋಗಿ. ಅಕ್ಕಿಯಿಂದ ಮಾಡುವ ಈ ಮದ್ಯ ಮೂಲತಃ ಚಳಿಗಾಲದ ಕೆಲಸ. ಆ ಥಂಡಿಯಲ್ಲಿ ಬೇಡದ ಸೂಕ್ಷ್ಮಜೀವಿಗಳು ತಲೆಯೆತ್ತುವುದಿಲ್ಲ, ಹುದುಗು ನಿಧಾನವಾಗಿ ಏಳುತ್ತದೆ. ಹಿಂದೆ ಸುಗ್ಗಿ ಮುಗಿಸಿದ ರೈತರು ತಾಂಬಾದ ಬೆಟ್ಟಸೀಮೆಯಿಂದ ಇಳಿದು ಬಂದು, ವಸಂತದವರೆಗೆ ಸಾಕೆ ತಯಾರಿಸುವ ಮದ್ಯದ ಮನೆಗಳಲ್ಲೇ ಉಳಿದು ದುಡಿಯುತ್ತಿದ್ದರು. ಅವರ ಮುಂದಾಳನ್ನು ತೋಜಿ ಎನ್ನುತ್ತಾರೆ.

ನಾನು ಮತ್ತು ಅಕ್ಕ ಒಸಾಕಾದಲ್ಲಿ ಉಳಿದುಕೊಂಡಿದ್ದೆವು. ಮೊದಲ ದಿನ ಕೋಬೆಯ ನಾದಾ. ಹಾನ್‌ಶಿನ್ ರೈಲಿನಲ್ಲಿ ಉಓಝಾಕಿ ನಿಲ್ದಾಣದಲ್ಲಿ ಇಳಿದರೆ ಕಿಕುಮಾಸಮುನೆ ಎಂಬ ಸಾಕೆ ಕಂಪನಿಯ ವಸ್ತುಸಂಗ್ರಹಾಲಯಕ್ಕೆ ನಡೆದೇ ಹೋಗಬಹುದು. 1995ರ ಭೂಕಂಪದಲ್ಲಿ ಇದರ ಹಳೆಯ ಕಟ್ಟಡ ನೆಲಕಚ್ಚಿತು. ಅವಶೇಷದಡಿಯಿಂದ ಹೊರತೆಗೆದ ಮರದ ಕೊಪ್ಪರಿಗೆಗಳು, ಸಲಕರಣೆಗಳು ಈಗ ಹೊಸ ಕಟ್ಟಡದಲ್ಲಿವೆ. ಅಲ್ಲಿಂದ ಮುಂದೆ ನಡೆದರೆ ಹಾಕುತ್ಸುರು ಸಂಗ್ರಹಾಲಯ. ಎರಡಕ್ಕೂ ಬೆಳಗ್ಗೆಯೇ ಹೋಗಿ, ಸಂಜೆ ನಾಲ್ಕೂವರೆಗೆ ಬಾಗಿಲು ಹಾಕುತ್ತಾರೆ. ಮುಂಚಿತವಾಗಿ ತಿಳಿಸದೆ ಸಣ್ಣ ಮದ್ಯದ ಮನೆಯೊಂದಕ್ಕೆ ಹೋದ ನಮ್ಮನ್ನು ಬಾಗಿಲಲ್ಲೇ ನಯವಾಗಿ ಹಿಂದಕ್ಕೆ ಕಳಿಸಿದರು. ತಯಾರಿಕೆಯ ದಿನಗಳಲ್ಲಿ ಹೊರಗಿನವರು ಒಳಗೆ ಹೋಗುವುದು ಸುಲಭವಲ್ಲ. ಅನುಮತಿ ಸಿಕ್ಕಿದರೆ ಆ ದಿನ ನಾಟ್ಟೋ ತಿನ್ನಬೇಡಿ. ಆ ಹುದುಗಿಸಿದ ಸೋಯಾಕಾಳಿನ ಬ್ಯಾಕ್ಟೀರಿಯಾ ಬಟ್ಟೆಗೆ ಅಂಟಿಕೊಂಡು ಹೋಗಿ ಕೋಜಿಯನ್ನು ಕೆಡಿಸೀತೆಂಬ ಭಯ ಅವರಿಗೆ.

ಕೋಜಿ ಎಂದರೆ ಬೇಯಿಸಿದ ಅಕ್ಕಿಯ ಮೇಲೆ ಬೆಳೆಸಿದ ಒಂದು ಬಗೆಯ ಬೂಷ್ಟು. ಸಾಕೆಯ ಜೀವ ಇರುವುದು ಇದರಲ್ಲಿ. ದ್ರಾಕ್ಷಿಯಲ್ಲಿ ಸಕ್ಕರೆ ತಾನಾಗಿಯೇ ಇರುತ್ತದೆ, ಅಕ್ಕಿಯಲ್ಲಿ ಇರುವುದು ಪಿಷ್ಟ. ಆ ಪಿಷ್ಟವನ್ನು ಕೋಜಿ ಸಕ್ಕರೆಯಾಗಿ ಒಡೆಯುತ್ತಿರುವಾಗಲೇ, ಅದೇ ಕೊಪ್ಪರಿಗೆಯಲ್ಲಿ ಯೀಸ್ಟ್ ಆ ಸಕ್ಕರೆಯನ್ನು ಮದ್ಯವಾಗಿಸುತ್ತದೆ. ಕೋಜಿ ಬೆಳೆಸುವ ಬೆಚ್ಚನೆಯ ಕೋಣೆಯಲ್ಲಿ ಹಬೆಯಲ್ಲಿ ಬೆಂದ ಅಕ್ಕಿಗೆ ಬೂಷ್ಟಿನ ಬೀಜಕಣಗಳನ್ನು ಉದುರಿಸಿ, ಬಟ್ಟೆ ಹೊದಿಸಿ, ಸುಮಾರು ಎರಡು ದಿನ ಹಗಲುರಾತ್ರಿ ಕಾಯುತ್ತಾರೆ. ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬಲೆಂದು ಅಜ್ಜಿ ಪಾತ್ರೆಗೆ ಕಂಬಳಿ ಸುತ್ತುತ್ತಿದ್ದದ್ದು ನೆನಪಾಯಿತು. ಆಮೇಲೆ ಕೊಪ್ಪರಿಗೆಗೆ ಅಕ್ಕಿ, ಕೋಜಿ, ನೀರನ್ನು ನಾಲ್ಕು ದಿನಗಳಲ್ಲಿ ಮೂರು ಸಲ ಸೇರಿಸುತ್ತಾರೆ. ಎರಡನೆಯ ದಿನ ಏನನ್ನೂ ಹಾಕದೆ ಯೀಸ್ಟಿಗೆ ಬಿಡುವು ಕೊಡುತ್ತಾರೆ. ಆ ದಿನಕ್ಕೆ 'ಓದೋರಿ' ಎಂದು ಹೆಸರು, ಅಂದರೆ ಕುಣಿತ. ಕಣ್ಣಿಗೆ ಕಾಣದ ಜೀವಿಯ ಬಿಡುವಿಗೂ ಒಂದು ಹೆಸರಿಟ್ಟ ಜನರ ಮೇಲೆ ನನಗೆ ಗೌರವ ಹುಟ್ಟಿತು. ಕೋಜಿ ಬಳಸಿ ಮದ್ಯ ತಯಾರಿಸುವ ಈ ಪರಂಪರೆಯನ್ನು ಯುನೆಸ್ಕೊ 2024ರ ಡಿಸೆಂಬರ್‌ನಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮದುವೆಯಲ್ಲಿ ವಧೂವರರು ಮೂರು ಬಟ್ಟಲುಗಳಿಂದ ಗುಟುಕರಿಸುವುದೂ ಸಾಕೆಯೇ, ಶಿಂಟೋ ಗುಡಿಯಲ್ಲಿ ದೇವರಿಗೆ ಅರ್ಪಿಸುವುದೂ ಸಾಕೆಯೇ.

ನಾದಾದ ಹೆಸರು ನಿಂತಿರುವುದು ನೀರಿನ ಮೇಲೆ. ಯಾಮಾಮುರಾ ತಾಝಾಎಮೊನ್ ಎಂಬ ವರ್ತಕನಿಗೆ ನಿಶಿನೋಮಿಯಾದಲ್ಲೂ ಉಓಝಾಕಿಯಲ್ಲೂ ಮದ್ಯದ ಮನೆಗಳಿದ್ದವು. ನಿಶಿನೋಮಿಯಾದ ಸಾಕೆ ಮಾತ್ರ ಸದಾ ಮೇಲುಗೈ. ಅವನು ಎರಡೂ ಕಡೆಯ ತೋಜಿಗಳನ್ನು ಅದಲುಬದಲು ಮಾಡಿದ, ಅಕ್ಕಿಯನ್ನೂ ಒಂದೇ ಮಾಡಿ ನೋಡಿದ. ಕೊನೆಗೆ 1840ರಲ್ಲಿ ನಿಶಿನೋಮಿಯಾದ ಬಾವಿನೀರನ್ನೇ ಉಓಝಾಕಿಗೆ ಸಾಗಿಸಿದಾಗ ಗುಟ್ಟು ಬಯಲಾಯಿತು. ಮಿಯಾಮಿಝು ಎಂಬ ಆ ನೀರು ಗಡಸು, ಅದರಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ.

ಎರಡನೆಯ ದಿನ ಕ್ಯೋಟೋದ ಫುಶಿಮಿ. ಒಸಾಕಾದಿಂದ ಕೇಹಾನ್ ರೈಲಿನಲ್ಲಿ ಚೂಶೋಜಿಮಾಗೆ ಬಂದು, ಗೆಕ್ಕೇಕಾನ್ ಓಕುರಾ ಸಂಗ್ರಹಾಲಯದವರೆಗೆ ನಡೆದರಾಯಿತು. ಇಲ್ಲಿಯ ನೀರು ಮೃದು. ನಾದಾದ್ದು ಖಡಕ್ಕಾದ ಗಂಡು ಸಾಕೆ, ಫುಶಿಮಿಯದು ನಯವಾದ ಹೆಣ್ಣು ಸಾಕೆ ಎಂಬ ಮಾತು ಅಲ್ಲಿ ಬಳಕೆಯಲ್ಲಿದೆ. ಎರಡನ್ನೂ ಬೆನ್ನುಬೆನ್ನಿಗೆ ಸವಿದರೆ ವ್ಯತ್ಯಾಸ ನಾಲಿಗೆಗೆ ಸ್ಪಷ್ಟವಾಗಿ ತಿಳಿಯುತ್ತದೆ. ಅದಕ್ಕಾಗಿಯೇ ಎರಡು ದಿನ ಎತ್ತಿಡಿ ಎನ್ನುತ್ತೇನೆ. ಮದ್ಯದ ಮನೆಗಳ ಬಾಗಿಲುಗಳ ಮೇಲೆ ತೂಗುವ ಸುಗಿ ಮರದ ಎಲೆಗಳ ಚೆಂಡನ್ನು ಗಮನಿಸಿ. ಹಸಿರಾಗಿದ್ದರೆ ಹೊಸ ಸಾಕೆ ಹಿಂಡಿ ಹೆಚ್ಚು ದಿನವಾಗಿಲ್ಲ, ಸಾಕೆ ಮಾಗಿದಂತೆ ಅದೂ ಕಂದಾಗುತ್ತದೆ.

ಬಾಡಿಗೆ ಕಾರು ಖಂಡಿತ ಬೇಡ, ಕುಡಿದು ಓಡಿಸಿದರೆ ಜೊತೆಗೆ ಕುಳಿತವರಿಗೂ ಶಿಕ್ಷೆಯಾಗಬಹುದು. ಇಪ್ಪತ್ತು ತುಂಬದವರಿಗೆ ಮದ್ಯ ಕೊಡುವುದಿಲ್ಲ. ಕುಡಿಯುವಾಗ ನಡುನಡುವೆ ನೀರು ಕುಡಿಯಿರಿ, ಅಲ್ಲಿಯವರೂ ಹಾಗೆಯೇ ಮಾಡುತ್ತಾರೆ. ಅಕ್ಕ ಮದ್ಯ ಮುಟ್ಟುವುದಿಲ್ಲ, ಅವಳಿಗೆ ಅಮಾಝಾಕೆ ಎಂಬ ಬಿಸಿ ಸಿಹಿ ಪಾನೀಯ ತುಂಬಾ ಹಿಡಿಸಿತು. ಆದರೆ ಅದು ಕೋಜಿಯದೇ ಎಂದು ಕೇಳಿ ತಿಳಿದುಕೊಳ್ಳಿ, ಸಾಕೆ ಹಿಂಡಿ ಉಳಿದ ಚರಟದಿಂದ ಮಾಡಿದ್ದರಲ್ಲಿ ಸ್ವಲ್ಪ ಮದ್ಯಾಂಶ ಇರುತ್ತದೆ. ಆ ಚರಟ ಹಾಕಿದ ಸಾರಿನಲ್ಲಿ ಮೀನೋ ಮಾಂಸವೋ ಇರುವುದು ಸಾಮಾನ್ಯ, ಸಸ್ಯಾಹಾರಿಗಳು ಎಚ್ಚರ. ಭಾರತಕ್ಕೆ ಒಬ್ಬರು ಸುಂಕವಿಲ್ಲದೆ ತರಬಹುದಾದ ಮದ್ಯ ಎರಡು ಲೀಟರ್, 720 ಮಿಲಿಲೀಟರಿನ ಎರಡು ಸೀಸೆ ಸಾಕು. ಕಾಯಿಸದ ಹಸಿ ಸಾಕೆಯನ್ನು ತಂಪಿನಲ್ಲೇ ಇಡಬೇಕು, ಅದನ್ನು ಊರಿಗೆ ತರುವ ಯೋಚನೆ ಬಿಟ್ಟು ಅಲ್ಲೇ ಸವಿಯಿರಿ.

ಫುಶಿಮಿ ಬಿಡುವ ಮುನ್ನ ಗೋಕೋನೋಮಿಯಾ ಗುಡಿಗೆ ಹೋಗಿ. ಅಂಗಳದ ಚಿಲುಮೆಯ ನೀರನ್ನು ಊರವರು ಕ್ಯಾನುಗಳಲ್ಲಿ ತುಂಬಿಸಿಕೊಂಡು ಹೋಗುತ್ತಾರೆ. ಖಾಲಿ ಬಾಟಲಿಯೊಂದು ಕೈಯಲ್ಲಿರಲಿ.