ಆರು ನಿಮಿಷ ಇಪ್ಪತ್ಮೂರು ಸೆಕೆಂಡು

"ಆರು ನಿಮಿಷಕ್ಕಾ?" ಅಂತ ಅಣ್ಣ ಕೇಳಿದ.

"ಆರು ನಿಮಿಷ ಇಪ್ಪತ್ಮೂರು ಸೆಕೆಂಡು ಅಪ್ಪ" ಅಂದಳು ಮಗಳು.

ಈ ವಾರವೆಲ್ಲ ನನ್ನ ತಲೆಯಲ್ಲಿ ಓಡಾಡುತ್ತಿರುವುದು ಇದೊಂದೇ. ಅಣ್ಣನ ದನಿಯಲ್ಲಿ ಕೋಪಕ್ಕಿಂತ ದಿಗಿಲು ಹೆಚ್ಚಿತ್ತು. ಅವಳ ದನಿಯಲ್ಲಿ ಎದುರುತ್ತರದ ಖಾರ ಇರಲಿಲ್ಲ. ಲೆಕ್ಕದಲ್ಲಿ ಬಿಟ್ಟುಹೋಗಿದ್ದನ್ನು ಸೇರಿಸಿದ ಹಾಗೆ ಹೇಳಿದಳು, ಅಷ್ಟೆ. ಆ ಇಪ್ಪತ್ಮೂರು ಸೆಕೆಂಡನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಅಮ್ಮನ ವಿಲ್ಲಿನ ಕೆಲಸವೆಲ್ಲ ಮುಗಿದು ಅವರವರ ಪಾಲು ಅವರವರಿಗೆ ಬಂದಿದೆ. ಕೊನೆಯದೊಂದು ಕಾಗದಕ್ಕೆ ಸಹಿ ಹಾಕಲು ಅಣ್ಣನ ಮನೆಯಲ್ಲಿ ಸೇರಿದ್ದೆವು. ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಈ ಹುಡುಗಿ ಒಳಗಿನಿಂದ ಒಂದು ನಕ್ಷೆ ತಂದು ಮೇಜಿನ ಮೇಲೆ ಹರಡಿದಳು. ಅಜ್ಜಿ ತನ್ನ ಹೆಸರಿಗೆ ಬಿಟ್ಟುಹೋದ ಹಣದಲ್ಲಿ ಮೂರನೇ ಒಂದು ಭಾಗ ಬೇಕು, 2027ರ ಆಗಸ್ಟ್ 2ರಂದು ಈಜಿಪ್ಟಿನ ಲಕ್ಸರ್‌ನಲ್ಲಿ ಖಗ್ರಾಸ ಸೂರ್ಯಗ್ರಹಣ ನೋಡಬೇಕು ಅಂದಳು. ಅಟ್ಲಾಂಟಿಕ್‌ನಲ್ಲಿ ಶುರುವಾಗುವ ಚಂದ್ರನ ನೆರಳು ದಕ್ಷಿಣ ಸ್ಪೇನ್, ಮೊರಾಕ್ಕೊ, ಅಲ್ಜೀರಿಯಾ, ಟ್ಯುನೀಷಿಯಾ, ಲಿಬಿಯಾ ದಾಟಿ ಈಜಿಪ್ಟಿಗೆ ಬರುತ್ತದೆ, ಆಮೇಲೆ ಸೌದಿ ಅರೇಬಿಯಾ, ಯೆಮೆನ್, ಸೊಮಾಲಿಯಾ ಕಡೆ ಹೋಗುತ್ತದೆ. ದಾರಿಯುದ್ದಕ್ಕೂ ಪೆನ್ಸಿಲ್ಲಿನಲ್ಲಿ ನಿಮಿಷ, ಸೆಕೆಂಡು ಬರೆದಿದ್ದಳು. ಕತ್ತಲು ಅತಿ ಹೆಚ್ಚು ಹೊತ್ತು ನಿಲ್ಲುವ ಜಾಗ ಲಕ್ಸರ್‌ನ ಹತ್ತಿರವೇ ಇದೆ. ಅಲ್ಲಿಯ ಲೆಕ್ಕವೇ ಈ ಆರು ನಿಮಿಷ ಇಪ್ಪತ್ಮೂರು ಸೆಕೆಂಡು.

ಅತ್ತಿಗೆ ಮೊದಲು ಕೇಳಿದ್ದು, "ಫೋಟೋದಲ್ಲಿ ನೋಡಿದ್ರೆ ಆಗಲ್ವಾ?" ಅಂತ. ಆಮೇಲೆ, ಮುಂದೆ ಯಾವಾಗಲಾದರೂ ಇಲ್ಲಿಗೇ ಗ್ರಹಣ ಬರುತ್ತಲ್ಲ ಅಂದಳು. ಭೂಮಿಯ ಮೇಲಿನ ಯಾವುದೇ ಒಂದು ಜಾಗಕ್ಕೆ ಖಗ್ರಾಸ ಗ್ರಹಣ ಬರುವುದು ಸರಾಸರಿ 375 ವರ್ಷಕ್ಕೊಮ್ಮೆ ಅಂತ ಹುಡುಗಿ ಹೇಳಿದಳು. ನಾವು ಕೂತಲ್ಲಿಗೆ ಬರುವುದು ಸಾಮಾನ್ಯವಾಗಿ ಪಾರ್ಶ್ವ ಗ್ರಹಣ. ಸೂರ್ಯ ನೂರಕ್ಕೆ ತೊಂಬತ್ತೊಂಬತ್ತು ಭಾಗ ಮುಚ್ಚಿದರೂ ಆಕಾಶ ಹಗಲಾಗಿಯೇ ಇರುತ್ತದಂತೆ. ಆ ಕೊನೆಯ ಒಂದು ಭಾಗವೂ ಮರೆಯಾದರೆ ಮಾತ್ರ ಸೂರ್ಯನ ಸುತ್ತ ಕರೋನಾ ಎಂಬ ಬಿಳಿಯ ಪ್ರಭೆ ಕಾಣುವುದು. ಅದು ಸದಾ ಅಲ್ಲೇ ಇರುತ್ತದೆ, ಆದರೆ ಸೂರ್ಯನ ಮುಖಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಮಂಕು. ಹಾಗಾಗಿ ಬರಿಗಣ್ಣಿಗೆ ಬೇರೆ ಯಾವ ಹೊತ್ತಿನಲ್ಲೂ ಸಿಗುವುದಿಲ್ಲ. ಸೂರ್ಯನ ಅಗಲ ಚಂದ್ರನ ಸುಮಾರು 400 ಪಟ್ಟು, ದೂರವೂ ಹೆಚ್ಚುಕಡಿಮೆ 400 ಪಟ್ಟು. ಅದಕ್ಕೇ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ, ಕೋಟ್ಯಂತರ ವರ್ಷ ಕಳೆದ ಮೇಲೆ ಈ ಹೊಂದಾಣಿಕೆ ಇರುವುದಿಲ್ಲ. ಇಷ್ಟನ್ನೂ ಅವಳು ಉಸಿರು ಕಟ್ಟಿಕೊಂಡು ಹೇಳಿದಳು. ನಾನು ಅವಳ ಮಾತು ಕೇಳುವುದಕ್ಕಿಂತ ಮುಖ ನೋಡುತ್ತಿದ್ದೆ. ಅಮ್ಮ ಹೋದಮೇಲೆ ಆ ಮುಖದಲ್ಲಿ ಇಂಥ ಬೆಳಕು ನಾನು ಕಂಡಿರಲಿಲ್ಲ.

ಆಗ ಅಣ್ಣ ಕೇಳಿದ್ದು, ಆರು ನಿಮಿಷಕ್ಕಾ ಅಂತ.

ಅಣ್ಣ ಕೆಟ್ಟವನಲ್ಲ. ನಮ್ಮ ಪೈಕಿ ಎಲ್ಲರಿಗಿಂತ ಹೆಚ್ಚು ಭಾರ ಹೊತ್ತವನು ಅವನೇ. ಮಗಳ ಮುಂದಿನ ಓದಿಗೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕುವಾಗೆಲ್ಲ ಅವನ ಹಣೆ ಗಂಟಾಗುತ್ತದೆ. ಅವನು ಹೇಳಿದ ಗಣಿತವೂ ಸುಳ್ಳಲ್ಲ. ಶೇಕಡ 7ರ ಚಕ್ರಬಡ್ಡಿಯಲ್ಲಿ ಹಣ ಹತ್ತು ವರ್ಷಕ್ಕೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, 40 ವರ್ಷ ಮುಟ್ಟದೆ ಬಿಟ್ಟರೆ ಸುಮಾರು ಹದಿನೈದು ಪಟ್ಟು. "ಇವತ್ತು ನೀನು ಖರ್ಚು ಮಾಡ್ತಿರೋದು ಇದನ್ನಲ್ಲ, ಅದರ ಹದಿನೈದು ಪಟ್ಟನ್ನ" ಅಂದ. ಒಳ್ಳೆಯ ಮಾತು, ಹದಿನೇಳರ ಹುಡುಗಿ ಕೇಳಿಸಿಕೊಳ್ಳಬೇಕಾದ ಮಾತು. ಅವಳು ಕೇಳಿಸಿಕೊಂಡಳು. ನಲವತ್ತು ವರ್ಷದಲ್ಲಿ ಬೆಲೆಗಳೂ ಏರುತ್ತವಲ್ಲ ಅಂತ ಮಾತ್ರ ಅಂದಳು. ಉಳಿದ ಎರಡು ಭಾಗವನ್ನು ಮುಟ್ಟುವುದಿಲ್ಲ, ಅದು ಓದಿಗೆ ಅಂತಲೂ ಅಂದಳು. ಆ ಭಾಗವನ್ನು ಎಲ್ಲಿ ಇಡಬೇಕು ಅಂತ ಅಪ್ಪನನ್ನೇ ಕೇಳಿದಳು.

ನನಗೆ ಸಿಟ್ಟು ಬಂದದ್ದು ತಮ್ಮನ ಮೇಲೆ. ಅವನು ಬಾಗಿಲ ಬಳಿ ನಿಂತು ಎಲ್ಲವನ್ನೂ ನೋಡುತ್ತಿದ್ದವನು ನಡುವೆ ಬಂದು, ಬಲು ಜಾಣತನದ ಪರಿಹಾರ ಕೊಡುವವನಂತೆ, "ಅಯ್ಯೋ, ಇದಕ್ಕೆ ಯಾಕಿಷ್ಟು ಜಗಳ? ಓದಿಗೆ ಅಂತ ಹೇಳಮ್ಮ. ಖಗೋಳ ವಿಜ್ಞಾನ, ಪ್ರಾಜೆಕ್ಟು ಅಂತ. ಕಾಲೇಜಿನ ಅರ್ಜಿಯಲ್ಲಿ ಬರೆದುಕೊಂಡ್ರೆ ಉಪಯೋಗಕ್ಕೂ ಬರುತ್ತೆ. ಆಗ ನಿಮ್ಮಪ್ಪನೂ ಒಪ್ತಾನೆ" ಅಂದ. ಅಣ್ಣನ ಮುಖ ನಿಜಕ್ಕೂ ಸಡಿಲವಾಯಿತು. ಅತ್ತಿಗೆಯೂ ತಲೆಯಾಡಿಸಿದಳು. ಅಲ್ಲಿಗೆ ಮುಗಿದೇಹೋಯಿತು ಅಂದುಕೊಂಡೆ.

"ಓದಿಗಲ್ಲ ಚಿಕ್ಕಪ್ಪ. ನೋಡೋಕೆ" ಅಂದಳು ಹುಡುಗಿ.

ಒಂದು ಸಣ್ಣ ಸುಳ್ಳು ಹೇಳಿದ್ದರೆ ಆ ಕ್ಷಣವೇ ಅವಳ ಕೆಲಸ ಆಗುತ್ತಿತ್ತು. ಅದೂ ಪೂರ್ತಿ ಸುಳ್ಳೂ ಅಲ್ಲ, ಅವಳಿಗೆ ವಿಜ್ಞಾನದಲ್ಲಿ ಆಸಕ್ತಿ ಇದೆ. ಆದರೂ ಹೇಳಲಿಲ್ಲ. ಖುಷಿಗೆ ಹೋಗುವುದನ್ನು ಖುಷಿಗೆ ಅಂತಲೇ ಹೇಳಿ ಒಪ್ಪಿಗೆ ಕೇಳಿದಳು. ನಮ್ಮ ಇಡೀ ಕುಟುಂಬದಲ್ಲಿ ಹಾಗೆ ಕೇಳಿದವರನ್ನು ನಾನು ನೋಡಿಲ್ಲ. ನಮ್ಮಲ್ಲಿ ಎಲ್ಲ ಖುಷಿಗೂ ಒಂದು ಕಾರಣದ ಬಟ್ಟೆ ತೊಡಿಸಿಯೇ ಹೊರಗೆ ತರುತ್ತೇವೆ.

ಅಷ್ಟರಲ್ಲಿ ಅತ್ತಿಗೆ ಆ ಮಾತು ಆಡಿದಳು. "ಅಜ್ಜಿ ಹೋಗಿ ಇನ್ನೂ ವರ್ಷ ತುಂಬಿಲ್ಲ, ಅವರ ದುಡ್ಡಲ್ಲಿ ನಿಂಗೆ ಮೋಜು ಬೇಕಾ?" ಹುಡುಗಿ ಉತ್ತರ ಕೊಡಲಿಲ್ಲ. ನಕ್ಷೆಯನ್ನು ಮಡಿಚಿದಳು. ಮಡಿಕೆ ತಪ್ಪಾಯಿತು, ಬಿಚ್ಚಿ ಮತ್ತೆ ಮಡಿಚಿದಳು. ಆ ಮಾತು ಆಡಬಾರದಿತ್ತು. ಅಮ್ಮನ ಕೊನೆಯ ತಿಂಗಳುಗಳಲ್ಲಿ ರಾತ್ರಿ ಎದ್ದು ನೀರು ಕುಡಿಸುತ್ತಿದ್ದವಳು ಈ ಹುಡುಗಿ. ಅಮ್ಮನ ಕಾಲಿನ ಉಗುರು ಕತ್ತರಿಸುತ್ತಿದ್ದವಳು ಇವಳು. ಅಜ್ಜಿಯ ಮೇಲಿನ ಪ್ರೀತಿಯನ್ನು ಇವಳು ಯಾರಿಗೂ ರುಜುವಾತು ಮಾಡಬೇಕಾಗಿಲ್ಲ, ಹಣ ಖರ್ಚು ಮಾಡದೆ ಇಟ್ಟುಕೊಂಡಂತೂ ಅಲ್ಲವೇ ಅಲ್ಲ.

ಅಂದು ರಾತ್ರಿ ಮನೆಗೆ ಬಂದಮೇಲೆ ನಿದ್ದೆ ಬಾರದೆ ಓದುತ್ತ ಕೂತೆ. ಜೊನಾಥನ್ ಲೆವಾವ್ ಮತ್ತು ಪೀಟರ್ ಮೆಗ್ರಾ ಎಂಬ ಇಬ್ಬರು ಸಂಶೋಧಕರು 2009ರಲ್ಲಿ ಪ್ರಕಟಿಸಿದ ಕೆಲಸವೊಂದು ಸಿಕ್ಕಿತು. ಬೇಸರದ ಸಂದರ್ಭದಲ್ಲಿ ಕೈಗೆ ಬಂದ ಹಣವನ್ನು ಜನ ಮೋಜಿಗೆ ಬಳಸಲು ಹಿಂಜರಿಯುತ್ತಾರೆ, ಉಪಯೋಗದ ಕೆಲಸಕ್ಕೋ ಪುಣ್ಯದ ಕೆಲಸಕ್ಕೋ ಹಾಕುತ್ತಾರೆ, ಹಾಗೆ ಮಾಡಿ ಆ ಹಣಕ್ಕೆ ಅಂಟಿದ ನೋವನ್ನು ತೊಳೆದುಕೊಳ್ಳುತ್ತಾರೆ ಎಂಬುದು ಅದರ ಸಾರ. ಓದುತ್ತಿದ್ದಂತೆ ನಮ್ಮ ಮೇಜಿನ ಸುತ್ತ ಕೂತಿದ್ದ ಒಬ್ಬೊಬ್ಬರೂ ಕಣ್ಣ ಮುಂದೆ ಬಂದರು. ನನ್ನ ಪಾಲಿನಲ್ಲಿ ನಾನು ಮನೆಯ ಸಾಲ ತೀರಿಸಿದೆ. ಅಣ್ಣ ಮನೆ ರಿಪೇರಿ ಮಾಡಿಸಿದ. ತಮ್ಮ ಹೊಸ ಕಾರು ತಗೊಂಡ, ಇದ್ದ ಕಾರು ಚೆನ್ನಾಗಿಯೇ ಓಡುತ್ತಿತ್ತು. ಆದರೆ ಕಾರಿಗೆ ಕಾರಣ ಹೇಳಬಹುದು, ಮಕ್ಕಳ ಸುರಕ್ಷತೆ ಅಂದ. ನಮ್ಮನ್ನು ಯಾರೂ ಮೇಜಿನ ಸುತ್ತ ಕೂರಿಸಿ ವಿಚಾರಿಸಲಿಲ್ಲ. ಅಮ್ಮನ ದುಡ್ಡಿನಲ್ಲಿ ಕಾರಾ ಅಂತ ಯಾರೂ ಕೇಳಲಿಲ್ಲ. ಹದಿನೇಳು ವರ್ಷದವಳು, ತನ್ನ ಪಾಲಿನ ಮೂರರಲ್ಲಿ ಒಂದನ್ನು, ನೆಪವಿಲ್ಲದೆ ಕೇಳಿದ್ದಕ್ಕೆ ನಾಲ್ವರು ದೊಡ್ಡವರು ಸೇರಿ ವಿಚಾರಣೆ ಮಾಡಿದೆವು.

ಎಲ್ಲರ ಬಾಯಲ್ಲೂ ಬಂದ ಇನ್ನೊಂದು ಮಾತು, "ಅಮ್ಮ ಇದ್ದಿದ್ರೆ ಒಪ್ತಿರಲಿಲ್ಲ" ಅನ್ನುವುದು. ಇರಬಹುದು. ಅಮ್ಮನಿಗೆ ಆಕಾಶದ ಮೇಲೆ ಯಾವ ಕುತೂಹಲವೂ ಇರಲಿಲ್ಲ, ಗ್ರಹಣ ನೋಡಲು ಅಷ್ಟು ದೂರ ಹೋಗುವುದನ್ನು ಕೇಳಿದ್ದರೆ ನಗುತ್ತಿದ್ದಳೋ ಗದರುತ್ತಿದ್ದಳೋ ಗೊತ್ತಿಲ್ಲ. ಆದರೆ ಅಮ್ಮನ ಸ್ವಭಾವ ನನಗೆ ಗೊತ್ತು. ಅಡುಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿ, ಒಳಗೆ ಏನಿದೆ, ಯಾವ ತಿಂಗಳು ತಂದದ್ದು, ಯಾವುದು ಮೊದಲು ಮುಗಿಸಬೇಕು ಎಂದು ಬರೆದಿಡುತ್ತಿದ್ದವಳು. ನಾವು ಮೂವರೂ ದೊಡ್ಡವರಾದ ಮೇಲೂ ಊರಿಗೆ ಹೊರಟರೆ ಚೀಲದಲ್ಲಿ ಸೂಚನೆಗಳ ಕಾಗದ ಇರುತ್ತಿತ್ತು. ಅಂಥವಳು ವಕೀಲರ ಮುಂದೆ ಕೂತು ವಿಲ್ ಬರೆಸಿದಳು. ಓದಿಗೆ ಮಾತ್ರ ಎಂದು ಬರೆಸಬಹುದಿತ್ತು. ಇಪ್ಪತ್ತೈದು ತುಂಬುವ ತನಕ ಕೊಡಬೇಡಿ ಎನ್ನಬಹುದಿತ್ತು. ಇಂಥ ಷರತ್ತುಗಳು ವಿಲ್ಲುಗಳಲ್ಲಿ ಸರ್ವೇಸಾಮಾನ್ಯ, ವಕೀಲರು ಖಂಡಿತ ಕೇಳಿಯೇ ಇರುತ್ತಾರೆ. ಮೊಮ್ಮಗಳ ಹೆಸರಿನ ಮುಂದೆ ಅಮ್ಮ ಒಂದೇ ಒಂದು ಷರತ್ತೂ ಹಾಕಿಸಲಿಲ್ಲ. ಜೀವನವಿಡೀ ಎಲ್ಲದಕ್ಕೂ ಚೀಟಿ ಅಂಟಿಸಿದವಳು ಇದೊಂದಕ್ಕೆ ಅಂಟಿಸದೆ ಹೋದಳೆಂದರೆ ಅದನ್ನು ಮರೆವು ಅಂತ ನಾನು ಒಪ್ಪುವುದಿಲ್ಲ. ಈಗ ನಾವು ಅವಳ ಹೆಸರು ಹೇಳಿಕೊಂಡು ನಮ್ಮ ಚೀಟಿ ಅಂಟಿಸುತ್ತಿದ್ದೇವೆ. ಸತ್ತವರ ಬಾಯಲ್ಲಿ ಯಾವ ಮಾತನ್ನಾದರೂ ಇಡಬಹುದು, ಅವರು ಬೇಡ ಅನ್ನುವುದಿಲ್ಲ. ಅದಕ್ಕೇ ಅವರು ತಮ್ಮ ಕೈಯಾರೆ ಬರೆಸಿಟ್ಟದ್ದನ್ನು ಇನ್ನಷ್ಟು ಗೌರವದಿಂದ ಓದಬೇಕು.

ಲಕ್ಸರ್ ಬಗ್ಗೆಯೂ ಆ ರಾತ್ರಿಯೇ ಓದಿದೆ. ನೈಲ್ ನದಿಯ ಪಶ್ಚಿಮ ದಂಡೆಯಲ್ಲಿ ರಾಜರ ಕಣಿವೆ. ಹೊವಾರ್ಡ್ ಕಾರ್ಟರ್ ಎಂಬ ಪುರಾತತ್ವಜ್ಞ 1922ರಲ್ಲಿ ಪ್ರಾಚೀನ ಈಜಿಪ್ಟಿನ ರಾಜ ಟುಟಾಂಖಾಮನ್‌ನ ಸಮಾಧಿ ಪತ್ತೆಹಚ್ಚಿದ್ದು ಅಲ್ಲೇ. ಒಳಗೆ ಐದು ಸಾವಿರಕ್ಕೂ ಹೆಚ್ಚು ವಸ್ತುಗಳಿದ್ದವು. ಚಿನ್ನ, ರಥ, ಮಂಚ, ಆಟದ ಹಲಗೆ. ಎಂಟೊಂಬತ್ತು ವರ್ಷಕ್ಕೆ ಸಿಂಹಾಸನ ಏರಿದ ಆ ಹುಡುಗ ತೀರಿಕೊಂಡಾಗ ವಯಸ್ಸು ಹದಿನೆಂಟು ಹತ್ತೊಂಬತ್ತರ ಆಸುಪಾಸು, ಅಂದರೆ ನಮ್ಮ ಹುಡುಗಿ ಅಲ್ಲಿಗೆ ಹೋಗಿ ನಿಲ್ಲುವ ವಯಸ್ಸು. ಮೂರು ಸಾವಿರ ವರ್ಷಕ್ಕೂ ಮಿಕ್ಕಿ ಆ ಸಂಪತ್ತು ಕತ್ತಲಲ್ಲಿ ಕೂತಿತ್ತು. ಅಣ್ಣನ ಚಕ್ರಬಡ್ಡಿಯ ಮಾತಿನ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದೆ. ಹಣವನ್ನು ಕಾಪಾಡುವುದು ಒಳ್ಳೆಯದೇ, ಯಾರಿಗಾಗಿ ಕಾಪಾಡುತ್ತೇವೆ ಎನ್ನುವುದು ಮರೆಯದಿರುವವರೆಗೆ. ಬಡ್ಡಿ ಬೆಳೆಯುತ್ತ ಹೋಗಬಹುದು, ಆಗಸ್ಟ್ 2 ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ. ಹದಿನೆಂಟನೇ ವಯಸ್ಸೂ ಕಾಯುವುದಿಲ್ಲ. ಐವತ್ತೇಳಕ್ಕೆ ಹದಿನೈದು ಪಟ್ಟು ಹಣ ಕೈಗೆ ಬಂದಾಗ ಅವಳಿಗೆ ಆಕಾಶ ನೋಡುವ ಈ ಹಸಿವು ಇದ್ದೇ ಇರುತ್ತದೆ ಎಂದು ಯಾವ ಬ್ಯಾಂಕೂ ಬರೆದುಕೊಡುವುದಿಲ್ಲ. ನನಗೂ ಹದಿನೇಳರಲ್ಲಿ ಇಂಥದೊಂದು ಹಸಿವಿತ್ತು. ಏನಕ್ಕೆ ಅಂತ ಇಲ್ಲಿ ಬರೆಯುವುದಿಲ್ಲ, ಈಗ ಅದನ್ನು ಕೊಳ್ಳುವ ಶಕ್ತಿ ಇದೆ, ಬೇಕು ಅನ್ನಿಸುವುದಿಲ್ಲ.

ಇಷ್ಟೆಲ್ಲ ಹೇಳಿದರೂ, ಯಾವ ಮಗು ಕೇಳಿದರೂ ಕೊಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಇದೇ ಹುಡುಗಿ ಪೂರ್ತಿ ಹಣ ಕೇಳಿದ್ದರೆ ನಾನು ಅಣ್ಣನ ಪಕ್ಕ ನಿಲ್ಲುತ್ತಿದ್ದೆ. ನಾಳೆ ನೋಡಿ ನಾಡಿದ್ದು ಮರೆಯುವ ವಸ್ತುವಿಗೆ ಕೇಳಿದ್ದರೆ ಒಂದಷ್ಟು ದಿನ ಕಾಯಿಸುತ್ತಿದ್ದೆ. ಓದಿಗೆ ಬೇರೆ ದಾರಿಯೇ ಇಲ್ಲದ ಮನೆಯಲ್ಲಿ ಮೂರನೇ ಒಂದು ಭಾಗವೂ ದೊಡ್ಡದೇ, ಅಲ್ಲಿಯ ಅಪ್ಪಂದಿರ ಸಂಕಟ ನನಗೆ ಅರ್ಥವಾಗುತ್ತದೆ. ನಮ್ಮ ಮನೆ ಅಂಥದಲ್ಲ. ನಮ್ಮ ಮನೆಯಲ್ಲಿ ಅಡ್ಡ ಬಂದದ್ದು ಕೊರತೆಯಲ್ಲ, ಸಂಕೋಚ.

ಈ ಜಗಳದಲ್ಲಿ ಯಾರೂ ಗಮನಿಸದೆ ಹೋದದ್ದು ಒಂದಿದೆ. ಹುಡುಗಿಗೆ ಹದಿನೆಂಟು ತುಂಬುವ ತನಕ ಆ ಹಣ ಪಾಲಕನಾಗಿ ಅಣ್ಣನ ಕೈಯಲ್ಲಿದೆ. ಗ್ರಹಣದ ದಿನಕ್ಕೆ ಅವಳಿಗೆ ಹದಿನೆಂಟು ದಾಟಿರುತ್ತದೆ. ಬಾಯಿ ಮುಚ್ಚಿಕೊಂಡು ಕಾದಿದ್ದರೆ ಯಾರ ಸಹಿಯೂ ಬೇಕಿರಲಿಲ್ಲ, ಯಾರ ಮಾತನ್ನೂ ಕೇಳಬೇಕಿರಲಿಲ್ಲ. ಹೊರಡುವ ಮುಂಚೆ ಅವಳ ಕೋಣೆಗೆ ಹೋಗಿ ನಾನು ಇದನ್ನೇ ಕೇಳಿದೆ.

"ಗೊತ್ತು ಅತ್ತೆ. ಆದ್ರೆ ಹೇಳ್ದೆ ಹೋದ್ರೆ ಕದ್ದು ಹೋದ ಹಾಗಾಗುತ್ತೆ. ಅಜ್ಜಿ ದುಡ್ಡಲ್ಲಿ ಕದ್ದು ಹೋಗೋಕೆ ನಂಗಿಷ್ಟ ಇಲ್ಲ" ಅಂದಳು.

ಅವಳ ತಾಯಿ ಮೋಜು ಅಂದದ್ದು ಇದನ್ನು. ನಾನು ಆ ಮಾತನ್ನು ಈ ವಾರ ಎಷ್ಟು ಸಲ ನೆನೆದೆನೋ. ನೆನೆದಾಗೆಲ್ಲ ಅಮ್ಮನ ಮೇಲೆ ಹೆಮ್ಮೆ ಉಕ್ಕಿ ಬರುತ್ತದೆ, ಷರತ್ತಿಲ್ಲದೆ ಯಾರಿಗೆ ಕೊಡಬಹುದು ಅಂತ ಅವಳಿಗೆ ಸರಿಯಾಗಿಯೇ ಗೊತ್ತಿತ್ತು.

ಅಣ್ಣ ಇನ್ನೂ ಹೂಂ ಅಂದಿಲ್ಲ. ನಿನ್ನೆ ಫೋನ್ ಮಾಡಿ, "ಮೋಡ ಬಂದ್ರೆ? ಅಷ್ಟು ದೂರ ಹೋಗಿ ಮೋಡ ಮುಚ್ಚಿಕೊಂಡ್ರೆ?" ಅಂದ. ಆಗಸ್ಟ್‌ನಲ್ಲಿ ಲಕ್ಸರ್‌ನ ಆಕಾಶದಲ್ಲಿ ಮೋಡ ಅನ್ನುವುದೇ ಅಪರೂಪ, ಚಿಂತೆ ಮಾಡಬೇಕಾದ್ದು ಬಿಸಿಲಿನ ಬಗ್ಗೆ, 40 ಡಿಗ್ರಿ ದಾಟುತ್ತದೆ ಅಂದೆ. ಗ್ರಹಣ ನೋಡುವ ಕನ್ನಡಕಕ್ಕೆ ಐಎಸ್‌ಒ 12312-2 ಎಂಬ ಗುಣಮಟ್ಟವಿದೆ, ಅದೇ ಬೇಕು, ಪೂರ್ತಿ ಕತ್ತಲಾದ ಆ ಆರು ನಿಮಿಷ ಮಾತ್ರ ತೆಗೆದು ನೋಡಬಹುದು ಅಂತಲೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಬ್ಬಳನ್ನೇ ಹೇಗೆ ಕಳಿಸೋದು ಅಂದ. ನಾನು ಜೊತೆಗೆ ಹೋಗುತ್ತೇನೆ, ನನ್ನ ಖರ್ಚು ನನ್ನದು ಅಂದೆ. ಹುಡುಗಿಯನ್ನು ಕೇಳಿಯೇ ಈ ಮಾತು ಹೇಳಿದ್ದು, ಬಾ ಅತ್ತೆ ಅಂದಿದ್ದಾಳೆ.

ಭಾನುವಾರ ಮತ್ತೆ ಸೇರುತ್ತೇವೆ. ಅಣ್ಣನಿಗೆ ಎಲ್ಲರೆದುರು ನಾನು ಹೇಳುವುದು ಇಷ್ಟು: ಕೊಡುವುದಾದರೆ ಪ್ರಾಜೆಕ್ಟು, ಅರ್ಜಿ ಅಂತ ಏನೂ ಸೇರಿಸದೆ ಕೊಡು, ಅವಳು ಏನಕ್ಕೆ ಕೇಳಿದಳೋ ಅದಕ್ಕೇ ಕೊಡು. ಮತ್ತೆ ಅದನ್ನು ಬೇಗ ಹೇಳು, ಆ ದಿನಕ್ಕೆ ಲೋಕದ ಎಲ್ಲೆಲ್ಲಿಂದಲೋ ಜನ ಅಲ್ಲಿಗೆ ಬರುತ್ತಾರೆ, ರೂಮು ಮೊದಲೇ ಕಾದಿರಿಸಬೇಕು.