ವಿಫಲವಾದರೂ ಏರುವ ಎಣಿಕೆ

ಕೋಡಿನ ಪ್ರತಿಯೊಂದು ಫಂಕ್ಷನ್ನಿಗೂ ವಿವರಣೆಯ ಕಾಮೆಂಟ್ ಇರಲೇಬೇಕೆಂಬ ನಿಯಮ ನಮ್ಮ ತಂಡದಲ್ಲಿದೆ. ಅದರಲ್ಲಿ ಏನಿರಬೇಕೆಂಬ ನಿಯಮ ಮಾತ್ರ ಇಲ್ಲ. ಹಾರ್ಡ್‌ವೇರನ್ನು ನಡೆಸುವ ನಮ್ಮ ಲಿನಕ್ಸ್ ಡ್ರೈವರಿನ ‘ಪವರ್_ಗೆಟ್’ ಎಂಬ ಫಂಕ್ಷನ್ನಿನ ನೆತ್ತಿಯ ಮೇಲೆ ‘ಪವರ್ ಪಡೆಯುತ್ತದೆ’ ಎಂದು ಬರೆದಿತ್ತು. ಕಾಮೆಂಟುಗಳನ್ನು ಲೆಕ್ಕ ಹಾಕುವ ಟೂಲಿಗೆ ಅಷ್ಟು ಸಾಕಾಗಿತ್ತು.

ರಿಲೀಸ್ ಹತ್ತಿರವಾದಾಗ ಟೆಸ್ಟಿಂಗ್‌ನವರಿಂದ ದೂರು ಬಂತು: ಸಿಸ್ಟಮನ್ನು ಸಸ್ಪೆಂಡ್ ಮಾಡಿ (ಮಲಗಿಸಿ) ಎಬ್ಬಿಸಿದ ಮೇಲೆ, ಒಮ್ಮೊಮ್ಮೆ, ಹಾರ್ಡ್‌ವೇರಿನ ಒಂದು ಬ್ಲಾಕ್ ಮತ್ತೆ ಎಂದೂ ನಿದ್ರೆಗೆ ಜಾರುವುದಿಲ್ಲ, ಬ್ಯಾಟರಿ ಸುಮ್ಮನೆ ಖಾಲಿಯಾಗುತ್ತದೆ. ‘ಒಮ್ಮೊಮ್ಮೆ’ ಎಂದ ಕೂಡಲೇ ಎಲ್ಲರ ಬೆರಳೂ ಹಾರ್ಡ್‌ವೇರಿನತ್ತ ತಿರುಗಿತು. ರಿಲೀಸ್ ತಡೆಯಬೇಕೇ ಎಂದು ಮ್ಯಾನೇಜರ್ ಕರೆಯಲ್ಲಿ ಕೇಳುತ್ತಿದ್ದಾಗಲೇ ಸಹೋದ್ಯೋಗಿಯೊಬ್ಬರು ಕರ್ನಲ್ (ಲಿನಕ್ಸಿನ ತಿರುಳು) ತನ್ನ ಒಳಸ್ಥಿತಿಯನ್ನು ಫೈಲುಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ, ಸಾಧನವನ್ನು ಎಷ್ಟು ಕಡೆಯಿಂದ ಬಳಸಲಾಗುತ್ತಿದೆ ಎಂಬ ಎಣಿಕೆಯಿರುವ ರನ್‌ಟೈಮ್_ಯೂಸೇಜ್ ತೆರೆದರು. ಅದು ಸೊನ್ನೆಗಿಳಿಯದೆ ಸಾಧನ ಮಲಗುವುದಿಲ್ಲ. ಯಾರೂ ಬಳಸದೆ ಬಿದ್ದಿದ್ದ ಸಾಧನದ ಎಣಿಕೆ 1 ಎಂದು ತೋರಿಸುತ್ತಿತ್ತು. ಕರೆಯಲ್ಲಿದ್ದವರೆಲ್ಲ ಸುಮ್ಮನಾದರು.

ನಮ್ಮ ಪವರ್_ಗೆಟ್ ಒಳಗೆ ಕರೆಯುತ್ತಿದ್ದುದು ಪಿಎಂ_ರನ್‌ಟೈಮ್_ಗೆಟ್_ಸಿಂಕ್ ಅನ್ನು. ಅದು ಮೊದಲು ಬಳಕೆಯ ಎಣಿಕೆಯನ್ನು ಏರಿಸಿ, ಅನಂತರ ಸಾಧನವನ್ನು ಎಬ್ಬಿಸಲು ನೋಡುತ್ತದೆ; ಎಬ್ಬಿಸಲಾಗದಿದ್ದರೆ ಎರರ್ ಹಿಂದಿರುಗಿಸುತ್ತದೆಯೇ ಹೊರತು ಏರಿಸಿದ ಎಣಿಕೆಯನ್ನು ಇಳಿಸುವುದಿಲ್ಲ. ಸಸ್ಪೆಂಡಿನ ಕೊನೆಯ ಹಂತದಲ್ಲಿ ಕರ್ನಲ್ಲಿನ ಪವರ್ ನಿರ್ವಹಣೆಯ ಭಾಗವಾದ ಪಿಎಂ ಕೋರ್, ಸಾಧನಗಳನ್ನು ಒಂದೊಂದಾಗಿ ಮಲಗಿಸಿ ಎಬ್ಬಿಸುವ ರನ್‌ಟೈಮ್ ಪಿಎಂ ಅನ್ನು ನಿಷ್ಕ್ರಿಯಗೊಳಿಸಿರುತ್ತದೆ. ಆ ಸಣ್ಣ ಅವಧಿಯಲ್ಲೇ ನಮ್ಮ ವರ್ಕ್‌ಕ್ಯೂ (ಹಿನ್ನೆಲೆಯ ಕೆಲಸಗಳ ಸರದಿ) ಓಡಿದರೆ ಈಆಕ್ಸೆಸ್ ಎಂಬ ‘ಅನುಮತಿಯಿಲ್ಲ’ ಎರರ್ ಬರುತ್ತಿತ್ತು, ಡ್ರೈವರ್ ಅಲ್ಲಿಂದಲೇ ರಿಟರ್ನ್ ಆಗುತ್ತಿತ್ತು, ಎಣಿಕೆ ಮೇಲೆಯೇ ಉಳಿಯುತ್ತಿತ್ತು. ಪಡೆಯುವುದು ವಿಫಲವಾದ ಮೇಲೆ ಹಿಂದಿರುಗಿಸಲು ಏನೂ ಇರುವುದಿಲ್ಲವೆಂದು ‘ಗೆಟ್’ ಎಂಬ ಹೆಸರನ್ನು ಓದಿದ ಯಾರಿಗಾದರೂ ಅನ್ನಿಸುತ್ತದೆ. ಇದೇ ಲೋಪ ಕರ್ನಲ್ಲಿನ ಎಷ್ಟೋ ಡ್ರೈವರುಗಳಲ್ಲಿ ಸಿಕ್ಕಿದ್ದರಿಂದಲೇ, 2020ರಲ್ಲಿ, ವಿಫಲವಾದರೆ ಎಣಿಕೆಯನ್ನು ತಾನೇ ಇಳಿಸುವ ಪಿಎಂ_ರನ್‌ಟೈಮ್_ರೆಸ್ಯೂಮ್_ಅಂಡ್_ಗೆಟ್ ಸೇರಿತು.

ನಾವೂ ಅದಕ್ಕೇ ಬದಲಾಯಿಸಿದೆವು. ಕಾಮೆಂಟನ್ನು ಕರ್ನಲ್‌ಡಾಕ್ (ಕರ್ನಲ್ಲಿನ ಕಾಮೆಂಟುಗಳಿಗಿರುವ ನಿಗದಿತ ನಮೂನೆ) ರೀತಿಯಲ್ಲಿ ಮತ್ತೆ ಬರೆದು, ‘ರಿಟರ್ನ್’ ಭಾಗದಲ್ಲಿ ವಿಫಲವಾದಾಗ ಎಣಿಕೆ ಏರಿರುವುದಿಲ್ಲವೆಂದೂ, ‘ಕಾಂಟೆಕ್ಸ್ಟ್’ ಭಾಗದಲ್ಲಿ ಈ ಫಂಕ್ಷನ್ ಸ್ಲೀಪ್ ಆಗಬಹುದೆಂದೂ, ಅಂದರೆ ನಡುವೆ ಕಾಯುತ್ತ ನಿಲ್ಲಬಹುದೆಂದೂ, ನಮೂದಿಸಿದೆವು. ಕೋಡಿನ ಶೈಲಿಯನ್ನು ಪರಿಶೀಲಿಸುವ ಚೆಕ್‌ಪ್ಯಾಚ್ ಟೂಲ್ ಅಷ್ಟು ಕಾಲವೂ ಸಾಲಿನ ಉದ್ದಕ್ಕೆ, ಖಾಲಿ ಜಾಗಕ್ಕೆ ತಕರಾರು ತೆಗೆಯುತ್ತಲೇ ಇತ್ತು. ಅರ್ಥ ಅದರ ಕೆಲಸವಲ್ಲ, ಆದರೆ ಅದು ಹಸಿರು ತೋರಿಸಿದರೆ ರಿವ್ಯೂ ಮುಗಿಯಿತೆಂದು ನಂಬುವ ಮ್ಯಾನೇಜ್‌ಮೆಂಟಿಗೆ ಇದನ್ನು ಹೇಳುವವರು ಯಾರು?

ತಿದ್ದುಪಡಿ ಕೆಲವೇ ಸಾಲುಗಳದು. ಅದಕ್ಕಿಂತ ಹೆಚ್ಚು ಚರ್ಚೆಯಾದದ್ದು ನಮ್ಮ ‘_ಲಾಕ್ಡ್’ ಫಂಕ್ಷನ್ನುಗಳ ಬಗ್ಗೆ: ಕೆಲವು ತಾವೇ ಲಾಕ್ (ಒಂದೇ ದತ್ತಾಂಶವನ್ನು ಇಬ್ಬರು ಒಟ್ಟಿಗೆ ಮುಟ್ಟದಂತೆ ತಡೆಯುವ ಬೀಗ) ಹಿಡಿಯುತ್ತವೆ, ಕೆಲವು ಕರೆಯುವವರೇ ಹಿಡಿದಿರಲಿ ಎಂದು ನಿರೀಕ್ಷಿಸುತ್ತವೆ. ಹೆಸರು ಬದಲಿಸಿದರೆ ತಿದ್ದುಪಡಿಗಳನ್ನು ಹಳೆಯ ಬ್ರಾಂಚಿಗೆ (ಕೋಡಿನ ಹಳೆಯ ಆವೃತ್ತಿಗೆ) ಬ್ಯಾಕ್‌ಪೋರ್ಟ್ ಮಾಡುವುದು ಕಷ್ಟವೆಂದು ಅದನ್ನು ಮುಂದೂಡಲಾಗಿದೆ. ಸದ್ಯಕ್ಕೆ ಎರಡನೆಯ ಬಗೆಯವುಗಳ ಮೊದಲ ಸಾಲಿನಲ್ಲಿ, ಲಾಕ್ ಹಿಡಿದಿದೆಯೇ ಎಂದು ನೋಡುವ ಲಾಕ್‌ಡೆಪ್_ಅಸರ್ಟ್_ಹೆಲ್ಡ್ ಹಾಕಿದ್ದೇವೆ; ತಪ್ಪಾಗಿ ಕರೆದರೆ ಡೀಬಗ್ ಬಿಲ್ಡಿನಲ್ಲಿ ಎಚ್ಚರಿಕೆಯಾದರೂ ಬರುತ್ತದೆ.